ಮೈಸೂರಿನಲ್ಲಿ ಪ್ರಜಾಪ್ರಭುತ್ವವೂ ಗಣರಾಜ್ಯವೂ

ನಮ್ಮ ರಾಜ್ಯಾಂಗದ ಪೀಠಿಕೆಯಲ್ಲಿ ಎರಡು ಶಬ್ದಗಳು ಒಂದಕ್ಕೊಂದು ತಾಗಿ ನಿಂತಿವೆ. ಒಂದು ‘ಪ್ರಜಾಸತ್ತಾತ್ಮಕ’ ಎಂಬುದು. ಇನ್ನೊಂದು ‘ಗಣರಾಜ್ಯ’ ಎಂಬುದು. ನಿತ್ಯದ ಮಾತಿನಲ್ಲಿ ನಾವು ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇವು ಬೇರೆ ಬೇರೆ ಪ್ರಶ್ನೆಗಳಿಗೆ ದೊರೆತ ಬೇರೆ ಬೇರೆ ಉತ್ತರಗಳು. ಅಧಿಕಾರವು ಯಾರಿಂದ ಹುಟ್ಟಿ ಬರಬೇಕು ಎಂದು ಕೇಳಿದರೆ, ಜನರಿಂದ, ಅವರ ಬಹುಮತದಿಂದ, ಎಂದು ಪ್ರಜಾಪ್ರಭುತ್ವವು ಹೇಳುತ್ತದೆ. ಅಧಿಕಾರವು ಯಾರ ಸ್ವತ್ತು, ಅದಕ್ಕೆ ಎಲ್ಲೆ ಯಾವುದು ಎಂದು ಕೇಳಿದರೆ, ಅದು ಒಬ್ಬನ ವಂಶದ್ದೂ ಅಲ್ಲ, ಒಂದು ಗುಂಪಿನದೂ ಅಲ್ಲ, ಎಲ್ಲರಿಗೂ ಸಾಮಾನ್ಯವಾದ ಶಾಸನವೇ ಅದಕ್ಕೆ ಎಲ್ಲೆ, ಎಂದು ಗಣರಾಜ್ಯವು ಹೇಳುತ್ತದೆ. ಈ ಎರಡು ಉತ್ತರಗಳು ಬಹುವೇಳೆ ಕೈಹಿಡಿದು ನಡೆಯುತ್ತವೆ. ಕೆಲವು ವೇಳೆ ಎದುರುಬದುರಾಗಿ ನಿಲ್ಲುತ್ತವೆ. ಅವು ಹಾಗೆ ನಿಂತ ಸಂದರ್ಭಗಳನ್ನು ನಮ್ಮ ನಾಡಿನ ಚರಿತ್ರೆಯಿಂದಲೇ ತೆಗೆದು ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಈ ಸೆಣಸು ಹಳೆಯದು. ಗ್ರೀಸಿನ ಅಥೆನ್ಸ್ ನಗರದಲ್ಲಿ ಪೌರರು ನೇರವಾಗಿ ಕೂಡಿ ರಾಜ್ಯಕಾರ್ಯವನ್ನು ತೀರ್ಮಾನಿಸುತ್ತಿದ್ದರು. ಕ್ರಿಸ್ತಪೂರ್ವ ೩೯೯ರಲ್ಲಿ ಸಾಕ್ರೆಟಿಸನಿಗೆ ಮರಣದಂಡನೆಯನ್ನು ವಿಧಿಸಿದ್ದೂ ಪೌರರ ಬಹುಮತವೇ. ರೋಮಿನವರು ಅರಸನನ್ನು ಹೊರದೂಡಿ ಗಣರಾಜ್ಯವನ್ನು ಸ್ಥಾಪಿಸಿದರು. ಆದರೆ ಅದರ ಚುಕ್ಕಾಣಿಯನ್ನು ಶ್ರೀಮಂತ ಕುಲಗಳ ಹಿರಿಯರ ಸಭೆಯೊಂದು ಬಹುಕಾಲ ಹಿಡಿದಿತ್ತು. ಅಮೆರಿಕದ ರಾಜ್ಯಾಂಗವು ರೂಪುಗೊಂಡ ೧೭೮೭ರಲ್ಲಿ ಜೇಮ್ಸ್ ಮ್ಯಾಡಿಸನ್ನನು ಈ ಎರಡನ್ನೂ ಬಿಡಿಸಿ ತೋರಿಸಿ, ಗುಂಪಿನ ಆವೇಶವನ್ನು ತಡೆಯಲು ಪ್ರತಿನಿಧಿಗಳ ಮೂಲಕ ನಡೆಯುವ ಗಣರಾಜ್ಯವೇ ಲೇಸೆಂದು ವಾದಿಸಿದನು. ಇಂಗ್ಲೆಂಡಿನ ಮಾರ್ಗವಾದರೋ ಬೇರೆ. ಅಲ್ಲಿ ಸಿಂಹಾಸನವು ಉಳಿದುಕೊಂಡೇ ಅಧಿಕಾರವು ಜನರ ಕೈಗೆ ಇಳಿದು ಬಂತು. ಅದು ಪ್ರಜಾಪ್ರಭುತ್ವ, ಆದರೆ ಗಣರಾಜ್ಯವಲ್ಲ.

ನಮ್ಮ ಮೈಸೂರು ಹಿಡಿದ ದಾರಿ ಈ ಕೊನೆಯದಕ್ಕೆ ಹತ್ತಿರವಾದುದು. ಐವತ್ತು ವರ್ಷಗಳ ಇಂಗ್ಲಿಷ್ ಕಮಿಷನರುಗಳ ಆಡಳಿತದ ತರುವಾಯ ೧೮೮೧ನೆಯ ಮಾರ್ಚ್ ೨೫ರಂದು ರಾಜ್ಯವು ಶ್ರೀ ಚಾಮರಾಜ ಒಡೆಯರವರಿಗೆ ಹಿಂದಿರುಗಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದ ಆಜ್ಞೆಯಂತೆ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟು, ಅಕ್ಟೋಬರ್ ೭ರಂದು ೧೪೪ ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ದಸರೆಯ ಸಂದರ್ಭದಲ್ಲಿ ಕೂಡಿದರು. ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಅದೇ ಮೊದಲು. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ಸು ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವು. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಸರ್ಕಾರದವರ ವಾರ್ಷಿಕ ವಿವರಣೆಯನ್ನು ಕೇಳುವುದು, ತಮ್ಮ ತಾಲ್ಲೂಕುಗಳ ಕಷ್ಟಸುಖಗಳನ್ನು ಅರಿಕೆ ಮಾಡುವುದು, ಇಷ್ಟೇ ಅದರ ಕೆಲಸ. ಆದರೂ ಆಳುವವರು ಆಳಿಸಿಕೊಳ್ಳುವವರೆದುರಿಗೆ ಬಂದು ಲೆಕ್ಕ ಒಪ್ಪಿಸುವ ಪದ್ಧತಿ ಬೇರೂರಿತು. ಅರಮನೆಯ ದರ್ಬಾರಿಗೂ ಆ ಸಭೆಗೂ ಇದ್ದ ವ್ಯತ್ಯಾಸ ಅದು.

ಆ ಪ್ರಜೆ ಯಾರು ಎಂಬ ಪ್ರಶ್ನೆ ಮಾತ್ರ ಉಳಿಯಿತು. ಮೊದಲು ಬಂದವರು ಸ್ಥಳೀಯ ಮಂಡಲಿಗಳ ಮೂಲಕ ಆರಿಸಲ್ಪಟ್ಟ ಜಮೀನುದಾರರೂ ವರ್ತಕರೂ ಆಗಿದ್ದರು. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, ೧೮೯೧ರ ಹೊತ್ತಿಗೆ, ಚುನಾವಣೆಯ ಕ್ರಮವು ಬಂದಾಗಲೂ ಮತದ ಹಕ್ಕನ್ನು ಕಂದಾಯ, ಮೋಹತರ್ಫಾ ತೆರಿಗೆ, ಆಸ್ತಿ ಮತ್ತು ವಿದ್ಯಾರ್ಹತೆಗಳಿಂದ ಅಳೆಯಲಾಯಿತು. ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳನ್ನೊಮ್ಮೆ ನೆನೆದರೆ ಇದರ ಅರ್ಥವು ಸ್ಪಷ್ಟವಾಗುತ್ತದೆ. ಧರ್ಮಾಂಬುಧಿ ಕೆರೆಯ ಮಗ್ಗುಲಲ್ಲಿರುವ ನಮ್ಮ ಉಪ್ಪಾರಪೇಟೆಯು, ಉಪ್ಪು ತೆಗೆಯುವ, ಮಣ್ಣು ಅಗೆಯುವ, ಗೋಡೆ ಕಟ್ಟುವ ಕೆಲಸಗಳಿಂದ ಬಾಳಿದ ಜನರ ಹೆಸರನ್ನು ಹೊತ್ತಿದೆ. ಪಟ್ಟಣದ ಗೋಡೆಗಳನ್ನು ಎತ್ತಿದ ಕೂಲಿಗಾರನಿಗೆ ತೆರಿಗೆಯ ಚೀಟಿ ಇಲ್ಲದಿದ್ದರೆ ಮತವೂ ಇರಲಿಲ್ಲ. ರಾಜ್ಯಕಾರ್ಯವು ಅರ್ಹರ ಕೈಯಲ್ಲಿರಬೇಕು, ಅರ್ಹತೆಯು ಸ್ವತ್ತಿನಿಂದಲೂ ವಿದ್ಯೆಯಿಂದಲೂ ಗೊತ್ತಾಗುತ್ತದೆ ಎಂಬುದು ಆ ಕಾಲದ ಹಲವು ದೇಶಗಳ ಮುಂದಾಳುಗಳ ನಂಬಿಕೆ. ರೋಮಿನ ಹಿರಿಯರ ಸಭೆಯ ನೆರಳು ದಸರೆಯ ಮಂಟಪದ ಮೇಲೂ ಬಿದ್ದಿತ್ತು.

೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ಶಾಸನಗಳನ್ನು ಬಲ್ಲವರ ಸಲಹೆಯಿಂದ ರಚಿಸುವುದು ಅದರ ಗುರಿ. ಹೀಗೆ ಒಂದು ರಾಜ್ಯದಲ್ಲಿ ಎರಡು ಸಭೆಗಳಾದುವು: ಒಂದು ಸಂಖ್ಯೆಯಲ್ಲಿ ದೊಡ್ಡದು, ಅಧಿಕಾರದಲ್ಲಿ ಚಿಕ್ಕದು, ಇನ್ನೊಂದು ಸಂಖ್ಯೆಯಲ್ಲಿ ಚಿಕ್ಕದು, ಅಧಿಕಾರದಲ್ಲಿ ದೊಡ್ಡದು. ಜನದ ಬಾಯಿ ಒಂದು ಕಡೆ, ಶಾಸನದ ಲೇಖನಿ ಇನ್ನೊಂದು ಕಡೆ.

ಅರ್ಹತೆಗೂ ಸಂಖ್ಯೆಗೂ ನಡುವಣ ತಿಕ್ಕಾಟವು ಬಹಿರಂಗವಾದುದು ೧೯೧೭ರ ಸುಮಾರಿಗೆ. ಆ ವರ್ಷ ಪ್ರಜಾಮಿತ್ರ ಮಂಡಳಿಯು ಸ್ಥಾಪಿತವಾಗಿ, ಸರ್ಕಾರಿ ನೌಕರಿಯಲ್ಲಿಯೂ ಸಭೆಗಳಲ್ಲಿಯೂ ಬ್ರಾಹ್ಮಣೇತರ ಸಮುದಾಯಗಳಿಗೆ ತಕ್ಕ ಪಾಲು ಬೇಕೆಂದು ಕೇಳಿತು. ೧೯೧೮ರಲ್ಲಿ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಕ್ಷತೆಗೆ ಕುಂದು ಬರುವುದೆಂಬ ಅಭಿಪ್ರಾಯವಿದ್ದ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟರು. ಸಮಿತಿಯ ಶಿಫಾರಸುಗಳ ಮೇಲೆ ೧೯೨೧ರಲ್ಲಿ ಆಜ್ಞೆಯಾಯಿತು. ಇಲ್ಲಿ ಒಂದು ಪಕ್ಷವನ್ನು ಧರ್ಮವೆಂದೂ ಇನ್ನೊಂದನ್ನು ಅಧರ್ಮವೆಂದೂ ಸುಲಭವಾಗಿ ಹೇಳಿಬಿಡಲಾಗದು. ರಾಜ್ಯಯಂತ್ರವು ಯಾರಿಗೂ ಪಕ್ಷಪಾತವಿಲ್ಲದೆ ನಿಯಮದಂತೆ ನಡೆಯಬೇಕೆಂಬುದು ಒಂದು ಸತ್ಯ. ಆ ನಿಯಮವನ್ನು ಬರೆಯುವ ಕೋಣೆಯೊಳಕ್ಕೆ ಬಹುಜನರಿಗೆ ಪ್ರವೇಶವೇ ಇಲ್ಲದಿದ್ದರೆ ಅದು ಪಕ್ಷಪಾತವಿಲ್ಲದ ನಿಯಮವೆಂದು ಅವರು ನಂಬುವುದು ಹೇಗೆ ಎಂಬುದು ಇನ್ನೊಂದು ಸತ್ಯ.

೧೯೨೩ರ ಸುಧಾರಣೆಗಳು ಈ ಎರಡನ್ನೂ ಹೊಂದಿಸಲು ನಡೆದ ಪ್ರಯತ್ನ. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ತತ್ತ್ವಜ್ಞ ಬ್ರಜೇಂದ್ರನಾಥ ಶೀಲರ ಸಮಿತಿಯ ವರದಿಯೇ ಅವುಗಳಿಗೆ ಆಧಾರ. ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧವಾದ ಸ್ಥಾನ ದೊರೆಯಿತು. ಹೊಸ ತೆರಿಗೆಗಳ ವಿಷಯದಲ್ಲಿಯೂ ಶಾಸನಗಳ ಮೂಲತತ್ತ್ವದಲ್ಲಿಯೂ ಅದರ ಅಭಿಪ್ರಾಯವನ್ನು ಕೇಳುವ ಕ್ರಮವಾಯಿತು. ಮತದಾನಕ್ಕಿದ್ದ ಆಸ್ತಿಯ ಅರ್ಹತೆಯನ್ನು ತಗ್ಗಿಸಿ, ಸ್ತ್ರೀಯರೆಂಬ ಕಾರಣಕ್ಕಾಗಿ ಇದ್ದ ಅನರ್ಹತೆಯನ್ನು ತೆಗೆದುಹಾಕಲಾಯಿತು. ಐವತ್ತು ಸದಸ್ಯರ ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಬಂತು. ಆದರೆ ಎರಡೂ ಸಭೆಗಳ ಅಧ್ಯಕ್ಷಪೀಠದಲ್ಲಿ ದಿವಾನರೇ ಇದ್ದರು. ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರವರಿಗೆ. ಮಹಾರಾಜರವರ ಮೇಲೆ ಇಂಗ್ಲಿಷ್ ಸಾರ್ವಭೌಮತ್ವ. ಜನರು ಮಾತನಾಡಬಹುದಾಗಿತ್ತು, ಮಾತು ನಡೆಯದಿದ್ದಾಗ ಮಂತ್ರಿಯನ್ನು ಇಳಿಸುವಂತಿರಲಿಲ್ಲ.

ಜವಾಬ್ದಾರಿ ಸರ್ಕಾರ ಎಂಬ ಕೂಗು ಹುಟ್ಟಿದುದು ಈ ಕೊರತೆಯಿಂದ. ೧೯೩೮ನೆಯ ಏಪ್ರಿಲ್ಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸು ಸೇರಿ, ನಿಷೇಧವನ್ನು ಮೀರಿ ಧ್ವಜವನ್ನು ಏರಿಸಿತು. ಅದೇ ತಿಂಗಳ ೨೫ರಂದು ಗೌರೀಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಆ ಬಳಿಕ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಸರ್ದಾರ್ ಪಟೇಲರಿಗೂ ಒಪ್ಪಂದವಾಗಿ, ಕಾಂಗ್ರೆಸ್ಸಿನ ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜವೂ ಕಾಂಗ್ರೆಸ್ಸಿನ ಧ್ವಜವೂ ಜೊತೆಜೊತೆಯಾಗಿ ಹಾರುವುದೆಂದು ಗೊತ್ತಾಯಿತು. ಆ ಎರಡು ಧ್ವಜಗಳು ಮೈಸೂರಿನ ಮನಸ್ಸನ್ನು ಚೆನ್ನಾಗಿ ತೋರಿಸುತ್ತವೆ. ನಮ್ಮ ಹೋರಾಟಗಾರರು ಕೇಳಿದುದು ಮಹಾರಾಜರವರ ಆಶ್ರಯದಲ್ಲಿಯೇ ಜನರಿಗೆ ಹೊಣೆಯಾದ ಮಂತ್ರಿಮಂಡಲವನ್ನು. ಅವರು ಪ್ರಜಾಪ್ರಭುತ್ವವನ್ನು ಬೇಡಿದರು, ಗಣರಾಜ್ಯವನ್ನು ಬೇಡಲಿಲ್ಲ. ೧೯೪೦ರ ಶಾಸನದಿಂದ ಪ್ರತಿನಿಧಿ ಸಭೆಯು ೩೧೦ ಸ್ಥಾನಗಳಿಗೂ ನ್ಯಾಯವಿಧಾಯಕ ಸಭೆಯು ೬೮ ಸ್ಥಾನಗಳಿಗೂ ಬೆಳೆದುವಾದರೂ ಹೊಣೆಗಾರಿಕೆ ಮಾತ್ರ ಬರಲಿಲ್ಲ.

ಇತ್ತ ದೆಹಲಿಯ ರಾಜ್ಯಾಂಗ ಸಭೆಯಲ್ಲಿ ೧೯೪೬ನೆಯ ಡಿಸೆಂಬರ್ ೧೩ರಂದು ಜವಾಹರಲಾಲ್ ನೆಹರೂ ಅವರು ಧ್ಯೇಯನಿರ್ಣಯವನ್ನು ಮಂಡಿಸಿದರು. ಅದರಲ್ಲಿ ಸ್ವತಂತ್ರ ಸಾರ್ವಭೌಮ ಗಣರಾಜ್ಯವೆಂಬ ಮಾತಿತ್ತು, ಪ್ರಜಾಪ್ರಭುತ್ವವೆಂಬ ಮಾತಿರಲಿಲ್ಲ. ಗಣರಾಜ್ಯವೆಂದ ಮೇಲೆ ಅದರೊಳಗೆ ಪ್ರಜಾಪ್ರಭುತ್ವವೂ ಅಡಗಿದೆಯೆಂಬುದು ನೆಹರೂ ಅವರ ಸಮಾಧಾನ. ಅದೇ ಭಾಷಣದಲ್ಲಿ ಅವರು, ಯಾವುದಾದರೂ ಸಂಸ್ಥಾನದ ಪ್ರಜೆಗಳು ರಾಜಪದ್ಧತಿಯನ್ನೇ ಬಯಸಿದರೆ ಅದಕ್ಕೆ ಅವಕಾಶವುಂಟೆಂದರು. ಗಣರಾಜ್ಯದೊಳಗೊಂದು ಅರಸೊತ್ತಿಗೆ! ತರ್ಕಕ್ಕೆ ಒಗ್ಗದಂತೆ ತೋರುವ ಈ ಮಾತು ಪ್ರಜಾಪ್ರಭುತ್ವದ ದೃಷ್ಟಿಯಿಂದ ಒಗ್ಗುತ್ತದೆ. ಏಕೆಂದರೆ ಅಲ್ಲಿ ಜನರ ಇಚ್ಛೆಯೇ ಪ್ರಮಾಣ. ಮುಂದೆ ಅಂಗೀಕೃತವಾದ ಪೀಠಿಕೆಯಲ್ಲಿ ಎರಡು ಶಬ್ದಗಳನ್ನೂ ಬಿಡಿಬಿಡಿಯಾಗಿ ಬರೆಯಲಾಯಿತು. ಒಂದನ್ನು ಹೇಳಿದರೆ ಇನ್ನೊಂದನ್ನು ಹೇಳಿದಂತಾಗುವುದೆಂದು ಕೊನೆಗೆ ಯಾರೂ ಭರವಸೆಯಿಡಲಿಲ್ಲವೆಂದೇ ತೋರುತ್ತದೆ.

ಮೈಸೂರಿನಲ್ಲಿ ಘಟನೆಗಳು ಬೇಗಬೇಗನೆ ನಡೆದುವು. ಶ್ರೀ ಜಯಚಾಮರಾಜ ಒಡೆಯರವರು ೧೯೪೭ನೆಯ ಆಗಸ್ಟಿನಲ್ಲಿ ಭಾರತಕ್ಕೆ ಸೇರ್ಪಡೆಯ ಪತ್ರಕ್ಕೆ ಸಹಿ ಮಾಡಿದರು. ಆದರೆ ಸ್ವತಂತ್ರ ಭಾರತದೊಳಗಿನ ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರ್ ೧ರಂದು ‘ಮೈಸೂರು ಚಲೋ’ ಸತ್ಯಾಗ್ರಹವು ಆರಂಭವಾಯಿತು. ನಾಯಕರು ಸೆರೆಮನೆ ಸೇರಿದರು; ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದರು; ಮೈಸೂರು ನಗರದಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಎಂಬ ವಿದ್ಯಾರ್ಥಿಯ ಹೆಸರನ್ನು ಅಲ್ಲಿನ ವೃತ್ತವು ಹೊತ್ತಿದೆ. ಅಕ್ಟೋಬರ್ ೧೨ರಂದು ಒಪ್ಪಂದವಾಗಿ, ಆ ತಿಂಗಳಿನಲ್ಲಿಯೇ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿತು. ಜನರ ಮಂತ್ರಿಗಳು ಬಂದಿದ್ದರು; ಸಿಂಹಾಸನವೂ ಉಳಿದಿತ್ತು. ಆಮೇಲೆ ಮೈಸೂರಿಗೆ ಪ್ರತ್ಯೇಕವಾದ ರಾಜ್ಯಾಂಗ ಸಭೆಯೊಂದು ಕೂಡಿತಾದರೂ, ಬೇರೆ ರಾಜ್ಯಾಂಗವನ್ನು ಬರೆಯುವ ಬದಲು ಭಾರತದ ರಾಜ್ಯಾಂಗವನ್ನೇ ಸ್ವೀಕರಿಸುವುದು ಲೇಸೆಂದು ನಿರ್ಣಯವಾಯಿತು. ೧೯೪೯ನೆಯ ನವೆಂಬರ್ ೨೫ರಂದು ಮಹಾರಾಜರವರು ಹಾಗೆಂದು ಘೋಷಿಸಿದರು. ಅರವತ್ತೆಂಟು ವರ್ಷ ಬಾಳಿದ ಪ್ರಜಾಪ್ರತಿನಿಧಿ ಸಭೆಯು ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ೧೯೫೦ನೆಯ ಜನವರಿ ೨೬ರಂದು ಮೈಸೂರು ಗಣರಾಜ್ಯದ ಭಾಗವಾಯಿತು. ಮಹಾರಾಜರವರು ರಾಷ್ಟ್ರಪತಿಗಳ ಮಾನ್ಯತೆಯಿಂದ ರಾಜಪ್ರಮುಖರಾದರು.

ಗಣರಾಜ್ಯವು ನಮಗೆ ಹೀಗೆ ಕೊನೆಯಲ್ಲಿ, ಹೆಚ್ಚು ಸದ್ದಿಲ್ಲದೆ ಬಂತು. ಆದರೆ ಅದು ಬರುವಾಗ ಮುಖ್ಯವಾದುದೊಂದನ್ನು ಕೈಯಲ್ಲಿ ಹಿಡಿದು ತಂದಿತು. ಎಪ್ಪತ್ತು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮತದ ಹಕ್ಕನ್ನು ರಾಜ್ಯಾಂಗವು ಒಂದೇ ಸಲಕ್ಕೆ ಎಲ್ಲ ವಯಸ್ಕರಿಗೂ ಕೊಟ್ಟಿತು. ೧೯೫೨ರ ಆರಂಭದಲ್ಲಿ ಮೈಸೂರಿನ ೯೯ ವಿಧಾನಸಭಾ ಸ್ಥಾನಗಳಿಗೆ ನಡೆದ ಚುನಾವಣೆಯಲ್ಲಿ, ತೆರಿಗೆಯ ಚೀಟಿಯನ್ನು ಕೇಳುವವರಿರಲಿಲ್ಲ. ಗೋಡೆ ಕಟ್ಟುವವನಿಗೂ ಗೋಡೆಯ ಒಡೆಯನಿಗೂ ಒಂದೊಂದೇ ಮತ. ಜನರ ಹಕ್ಕನ್ನು ಇಲ್ಲಿ ಪೂರ್ಣಗೊಳಿಸಿದುದು ಶಾಸನವೇ ಎಂಬುದನ್ನು ನಾವು ಮರೆಯಬಾರದು.

ಆದರೆ ಒಂದೇ ಮನೆಯಲ್ಲಿ ಕೂಡಿ ಬಾಳತೊಡಗಿದ ಮೇಲೆ ಇವೆರಡರ ನಡುವೆ ವಾದವು ಹೆಚ್ಚಿತು. ೧೯೬೨ರಲ್ಲಿ ಮೈಸೂರು ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ ೬೮ನ್ನು ಹಿಂದುಳಿದವರಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿ, ಮೀಸಲಾತಿಯು ಸಾಮಾನ್ಯವಾಗಿ ನೂರಕ್ಕೆ ಐವತ್ತರೊಳಗಿರಬೇಕೆಂದಿತು. ಮಿಲ್ಲರ್ ಸಮಿತಿಯ ಕಾಲದ ಪ್ರಶ್ನೆಯೇ ಮತ್ತೆ ಬಂದಿತ್ತು. ಜನರಿಂದ ಆರಿಸಿ ಬಂದ ಸರ್ಕಾರವು ಬಹುಜನರ ಏಳಿಗೆಗಾಗಿ ಮಾಡಿದ ಏರ್ಪಾಡಿಗೆ, ಸಮಾನತೆಯನ್ನು ಕಾಯುವ ಶಾಸನವು ಎಲ್ಲೆಯನ್ನು ಹಾಕಿತು. ಆ ಎಲ್ಲೆ ಎಲ್ಲಿರಬೇಕೆಂಬ ವಾದವು ಆಮೇಲೂ ಮತ್ತೆ ಮತ್ತೆ ನ್ಯಾಯಾಲಯದ ಕಟ್ಟೆ ಹತ್ತಿದೆ.

ಇನ್ನೊಂದು ಮೊಕದ್ದಮೆಯು ಗಡಿಯಾಚೆಯ ಕನ್ನಡಿಗರ ನೆಲದಿಂದ ಬಂತು. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಬಳಿಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿಗಳು ಭೂಸುಧಾರಣೆಯ ಶಾಸನಗಳನ್ನು ಪ್ರಶ್ನಿಸಿ ೧೯೭೦ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಒಂದು ಮಠದ ಜಮೀನಿನಿಂದ ಆರಂಭವಾದ ವಾದವು ರಾಜ್ಯಾಂಗದ ಬುಡಕ್ಕೇ ಹೋಗಿ ಮುಟ್ಟಿತು: ಜನರ ಪ್ರತಿನಿಧಿಗಳಾದ ಪಾರ್ಲಿಮೆಂಟಿನವರು ರಾಜ್ಯಾಂಗದಲ್ಲಿ ಬೇಕೆಂದುದನ್ನೆಲ್ಲ ಬದಲಿಸಬಹುದೆ? ಹದಿಮೂರು ನ್ಯಾಯಾಧೀಶರು ಅರವತ್ತೆಂಟು ದಿನಗಳ ಕಾಲ ವಾದವನ್ನು ಕೇಳಿ, ೧೯೭೩ನೆಯ ಏಪ್ರಿಲ್ ೨೪ರಂದು ಏಳು ಮಂದಿಯ ಬಹುಮತದಿಂದ, ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಲಾಗದು ಎಂದು ತೀರ್ಪಿತ್ತರು. ಸ್ವಾಮಿಗಳಿಗೆ ಭೂಮಿಯ ವಿಷಯದಲ್ಲಿ ಕೇಳಿದುದು ದಕ್ಕಲಿಲ್ಲ. ದೇಶಕ್ಕೆ ಒಂದು ಸಿದ್ಧಾಂತ ದಕ್ಕಿತು. ಬಹುಮತಕ್ಕೂ ಮೀರಿದುದೊಂದುಂಟೆಂಬ ಈ ತತ್ತ್ವವನ್ನು ನ್ಯಾಯಾಧೀಶರು ಸ್ಥಾಪಿಸಿದುದು ಏಳಕ್ಕೆ ಆರರ ಬಹುಮತದಿಂದ ಎಂಬುದು ಚರಿತ್ರೆಯ ವಿನೋದ. ಆ ಏಳು ಮಂದಿಯಲ್ಲಿ ದಕ್ಷಿಣ ಕನ್ನಡದ ಕೆ. ಎಸ್. ಹೆಗ್ಡೆಯವರೂ ಒಬ್ಬರು. ಹಿರಿತನವನ್ನು ಕಡೆಗಣಿಸಿ ಬೇರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಲು ಅವರು ರಾಜೀನಾಮೆಯನ್ನಿತ್ತರು. ೧೯೭೭ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಆರಿಸಿ ಬಂದು ಲೋಕಸಭೆಯ ಸಭಾಧ್ಯಕ್ಷರಾದರು. ಶಾಸನದ ಪೀಠದಿಂದ ಇಳಿದವರನ್ನು ಜನಮತವು ಇನ್ನೊಂದು ಪೀಠದ ಮೇಲೆ ಕೂರಿಸಿತು.

ಈ ಎರಡು ವರ್ಷಗಳ ನಡುವೆ, ೧೯೭೫ನೆಯ ಜೂನಿನಲ್ಲಿ, ತುರ್ತುಪರಿಸ್ಥಿತಿಯು ಬಂತು. ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ, ಶೇಷಾದ್ರಿ ರಸ್ತೆಯ ಕೇಂದ್ರ ಕಾರಾಗೃಹದಲ್ಲಿಡಲಾಯಿತು. ಪಾರ್ಲಿಮೆಂಟಿನಲ್ಲಿ ಬಹುಮತವಿತ್ತು, ಕಾಗದದ ಮೇಲೆ ಶಾಸನವೂ ಇತ್ತು. ಆದರೂ ನುಡಿಯುವ ಬಾಯಿ ಮುಚ್ಚಿದಾಗ ಪ್ರಜಾಪ್ರಭುತ್ವವೂ, ಎಲ್ಲೆಗಳನ್ನು ಕಿತ್ತೊಗೆದಾಗ ಗಣರಾಜ್ಯವೂ ಏಕಕಾಲದಲ್ಲಿ ಸೊರಗಿದುವು. ಒಂದನ್ನು ಕೊಂದು ಇನ್ನೊಂದನ್ನು ಉಳಿಸಿಕೊಳ್ಳಲಾಗದೆಂಬುದಕ್ಕೆ ಆ ಇಪ್ಪತ್ತೊಂದು ತಿಂಗಳುಗಳಿಗಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಅವು ಒಂದನ್ನೊಂದು ಕಾಪಾಡಿದ ನಿದರ್ಶನವೂ ನಮ್ಮಲ್ಲಿಯೇ ಇದೆ. ೧೯೮೯ನೆಯ ಏಪ್ರಿಲ್ ೨೧ರಂದು ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು, ವಿಧಾನಸಭೆಯಲ್ಲಿ ಬಹುಮತವನ್ನು ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಸರ್ಕಾರಕ್ಕೆ ಬಹುಮತವಿದೆಯೆ ಇಲ್ಲವೆ ಎಂಬುದು ಸಭಾಂಗಣದಲ್ಲಿಯೇ ಗೊತ್ತಾಗಬೇಕು, ರಾಜ್ಯಪಾಲರ ಅಭಿಪ್ರಾಯದಲ್ಲಲ್ಲ ಎಂದಿತು. ಇಲ್ಲಿ ಶಾಸನವು ಜನಮತದ ಬೆನ್ನಿಗೆ ನಿಂತಿತು. ೧೮೮೧ರಲ್ಲಿ ಅರಿಕೆ ಮಾಡಲೆಂದು ಹುಟ್ಟಿದ ಸಭೆಯ ಸಂತತಿಯವರ ತೀರ್ಮಾನವೇ ಸರ್ಕಾರದ ಹಣೆಬರಹವಾಗುವ ಕಾಲವು ಬಂದಿತ್ತು.

ಆ ಹಳೆಯ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, ಅದರ ಆವರಣವು ೨೦೦೮ರಲ್ಲಿ ಸ್ವಾತಂತ್ರ್ಯೋದ್ಯಾನವೆಂದು ತೆರೆಯಲ್ಪಟ್ಟಿತು. ಫ್ರೀಡಂ ಪಾರ್ಕ್ ಎಂದರೆ ಎಲ್ಲರಿಗೂ ಗೊತ್ತು. ೨೦೨೧ರ ಪೊಲೀಸ್ ಆಜ್ಞೆಯಿಂದಲೂ ಉಚ್ಚ ನ್ಯಾಯಾಲಯದ ನಿರ್ದೇಶನದಿಂದಲೂ ಬೆಂಗಳೂರಿನ ಪ್ರತಿಭಟನೆಗಳಿಗೆ ಅದೊಂದೇ ಸ್ಥಳವೆಂದು ಗೊತ್ತುಮಾಡಲಾಯಿತು. ಬೀದಿಯ ಸಂಚಾರಕ್ಕೆ ತಡೆಯಾಗಬಾರದು, ಆಸ್ಪತ್ರೆಗೆ ಹೋಗುವವನ ಹಕ್ಕೂ ಹಕ್ಕೇ ಎಂಬುದು ಶಾಸನದ ಮಾತು. ಕೇಳಬೇಕಾದವರ ಕಿವಿಗೆ ಬೀಳದ ಗೋಡೆಯೊಳಗೆ ಕೂಗಿದರೆ ಅದು ಕೂಗೇ ಎಂಬುದು ಜನರ ಮಾತು. ಶಿವಪುರದಲ್ಲಿಯೂ ‘ಮೈಸೂರು ಚಲೋ’ದಲ್ಲಿಯೂ ಜನರು ಗೊತ್ತುಮಾಡಿದ ಜಾಗದಲ್ಲಿ ಮಾತ್ರ ನಿಂತಿದ್ದರೆ ಜವಾಬ್ದಾರಿ ಸರ್ಕಾರವು ಎಂದು ಬರುತ್ತಿತ್ತೆಂದು ಯೋಚಿಸಬೇಕಾದುದೇ. ಉಪ್ಪಾರಪೇಟೆಯ ಮಗ್ಗುಲಲ್ಲಿ ಈ ಎರಡು ತತ್ತ್ವಗಳೂ ಪ್ರತಿದಿನ ಮುಖಾಮುಖಿಯಾಗುತ್ತಿವೆ.

ವಿದ್ಯಾವಂತರಾದ ನಗರವಾಸಿಗಳಿಗೆ ಒಂದು ಸಹಜವಾದ ಒಲವುಂಟು. ಶಾಸನವೂ ನ್ಯಾಯಾಲಯವೂ ನಮಗೆ ನಮ್ಮವರಂತೆ ಕಾಣುತ್ತವೆ. ಜನಸಂದಣಿಯು ಪರರಂತೆ ಕಾಣುತ್ತದೆ. ಆದುದರಿಂದ ಗಣರಾಜ್ಯವನ್ನು ಹೊಗಳುವ ನೆಪದಲ್ಲಿ ಬಹುಜನರನ್ನು ದೂರವಿಡುವ ಹಳೆಯ ಚಾಳಿಗೆ ನಾವು ಬೇಗನೆ ಮರಳುತ್ತೇವೆ. ಅದಕ್ಕೆ ಪ್ರತಿಯಾಗಿ, ಬಹುಮತವನ್ನು ಗಳಿಸಿದವರು ಜನರ ಹೆಸರಿನಲ್ಲಿ ಎಲ್ಲೆಗಳನ್ನು ಅಳಿಸಲು ಹೊರಡುತ್ತಾರೆ. ನಮ್ಮ ಹಿರಿಯರು ಕೆರೆ ಕಟ್ಟುವ ನಾಡಿನವರು. ಏರಿಯಿಲ್ಲದ ನೀರು ಹೊಲವನ್ನು ಕೊಚ್ಚುವುದೆಂದೂ, ನೀರಿಲ್ಲದ ಏರಿ ಬರಿಯ ದಿಬ್ಬವೆಂದೂ ಅವರು ಬಲ್ಲರು. ಧರ್ಮಾಂಬುಧಿಯ ನೀರು ಬತ್ತಿ ಅದರ ಅಂಗಳವು ಬಸ್ಸುಗಳ ನಿಲ್ದಾಣವಾಗಿದೆ. ಅಲ್ಲಿ ದಿನವೂ ಬಂದಿಳಿಯುವ ಸಾವಿರಾರು ಜನರೇ ಈ ಗಣರಾಜ್ಯದ ಗಣ. ಅವರ ಮಾತಿಗೆ ಶಾಸನದಲ್ಲಿಯೂ, ಶಾಸನಕ್ಕೆ ಅವರ ಮನಸ್ಸಿನಲ್ಲಿಯೂ ಎಡೆಯಿರುವ ತನಕ ಪೀಠಿಕೆಯ ಆ ಎರಡು ಶಬ್ದಗಳು ಜೊತೆಯಾಗಿ ನಿಲ್ಲುವುವು.